ಫೋರ್ತ್ ಸೀಟಲ್ಲಿ ಡ್ರಾಕುಲಾ

ಮುಂಬೈನ ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ರ ಫುಟ್‌ಪಾತಲ್ಲಿ ಹಳೇ ಪುಸ್ತಕ ಮಾರ್ತಾರಲ್ಲ, ಅಲ್ಲಿಗೆ ನಾನು ಹೋಗಿದ್ದು ಮಗಳಿಗೆ ಹತ್ತನೇ ಕ್ಲಾಸಿನ ಮ್ಯಾಥ್ಸ್ ಗೈಡ್ ತರೋಕೆ, ತಗೊಂಡು ಬಂದಿದ್ದು ಒಂದು ರಕ್ತಪಿಶಾಚಿ ಕಾದಂಬರಿ. ಗೈಡ್ ಸಿಗಲಿಲ್ಲ ಅಂತ ಮನೇಲಿ ಹೇಳಿದ್ದು ಸುಳ್ಳು. ಸಿಕ್ಕಿತ್ತು. ಜೇಬಲ್ಲಿದ್ದ ದುಡ್ಡಿಗೆ ಎರಡರಲ್ಲಿ ಒಂದೇ ಬರ್ತಿತ್ತು, ಅಷ್ಟೇ.

ಪುಸ್ತಕದ ಹೆಸರು ‘ಅನ್ನೋ ಡ್ರಾಕುಲಾ’. ಕಿಮ್ ನ್ಯೂಮನ್ ಅನ್ನೋ ಇಂಗ್ಲಿಷ್ ಲೇಖಕ 1992ರಲ್ಲಿ ಬರೆದಿದ್ದು. ‘ಅನ್ನೋ’ ಅಂದ್ರೆ ಲ್ಯಾಟಿನ್‌ನಲ್ಲಿ ‘ವರ್ಷದಲ್ಲಿ’ ಅಂತ, ಆದ್ರೆ ಕನ್ನಡದವರ ಮನೇಲಿ ಇದನ್ನ ಹೇಳೋದೇ ಕಷ್ಟ. ನಮ್ಮ ಅತ್ತೆ ಕೇಳಿದ್ರು, ‘ಡ್ರಾಕುಲಾ ಅನ್ನೋ ಪುಸ್ತಕವಾ?’ ಅಲ್ಲ ಅತ್ತೆ, ಅನ್ನೋ ಡ್ರಾಕುಲಾ ಅನ್ನೋ ಪುಸ್ತಕ ಅಂದೆ. ‘ಅದನ್ನೇ ಅಲ್ವಾ ನಾನು ಹೇಳಿದ್ದು’ ಅಂದು ಅವ್ರು ಟೀವಿ ಕಡೆ ತಿರುಗಿದ್ರು.

ಕಥೆ ಹೀಗೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಮೂಲ ಡ್ರಾಕುಲಾದಲ್ಲಿ ಒಳ್ಳೆಯವ್ರೆಲ್ಲ ಸೇರಿ ಅವನನ್ನ ಅವನ ಊರಿನ ತನಕ ಅಟ್ಟಿಸ್ಕೊಂಡು ಹೋಗಿ ಮುಗಿಸ್ತಾರಲ್ಲ, ನ್ಯೂಮನ್ ಆ ಕೊನೇನೇ ಕಿತ್ತು ಹಾಕಿದಾನೆ. ಇಲ್ಲಿ ಗೆದ್ದಿದ್ದು ಡ್ರಾಕುಲಾ. ಬೇಟೆಗೆ ಬಂದ ವ್ಯಾನ್ ಹೆಲ್ಸಿಂಗ್ ತಲೆ ಅರಮನೆ ಮುಂದೆ ಕಂಬದ ಮೇಲೆ. ವಿಧವೆ ರಾಣಿ ವಿಕ್ಟೋರಿಯಾ ಡ್ರಾಕುಲಾನ್ನೇ ಮದುವೆ ಆಗಿದಾಳೆ. 1888ರ ಲಂಡನ್ನಲ್ಲಿ ದೊಡ್ಡ ಮನೆಯವ್ರು, ಮಂತ್ರಿಗಳು, ಪೊಲೀಸರು, ಬೀದಿ ಹೆಂಗಸರು ಅಂತ ಎಲ್ಲಾ ಕಡೆ ರಕ್ತಪಿಶಾಚಿಗಳೇ, ಅಂಥ ಊರಲ್ಲಿ ಯಾರೋ ಒಬ್ಬ ಬೆಳ್ಳಿ ಚಾಕು ಹಿಡ್ಕೊಂಡು ವೈಟ್‌ಚ್ಯಾಪೆಲ್‌ನ ಬಡ ಪಿಶಾಚಿ ಹೆಂಗಸರನ್ನ ಕೊಲ್ತಾ ಹೋಗ್ತಾನೆ. ನಿಜವಾದ ಚರಿತ್ರೇಲೂ ಅದೇ ವರ್ಷ, ಅದೇ ಬೀದಿಗಳಲ್ಲಿ, ಜ್ಯಾಕ್ ದ ರಿಪ್ಪರ್ ಕೊಲೆಗಳು ಆಗಿದ್ವು.

ನಾನು ಇದನ್ನ ಓದಿದ್ದು ಡೊಂಬಿವ್ಲಿಯಿಂದ ವಿಟಿಗೆ, ಅಂದ್ರೆ ವಿಕ್ಟೋರಿಯಾ ಟರ್ಮಿನಸ್‌ಗೆ ಹೋಗೋ ಫಾಸ್ಟ್ ಲೋಕಲ್‌ನಲ್ಲಿ, ಅದೂ ಹೆಚ್ಚಿನ ದಿನ ಫೋರ್ತ್ ಸೀಟಲ್ಲಿ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಮೂರು ಜನ ಕೂರೋ ಬೆಂಚಲ್ಲಿ ನಾಲ್ಕನೆಯವ್ನು ಬಂದು ‘ಥೋಡಾ ಅಡ್ಜಸ್ಟ್’ ಅಂತಾನೆ, ಮೂವರೂ ತಲೆ ಎತ್ತದೇನೇ ಎರಡೆರಡು ಇಂಚು ಸರೀತಾರೆ, ಇವ್ನು ಅರ್ಧ ಕುಂಡೆ ಬೆಂಚಿನ ಮೇಲೆ, ಇನ್ನರ್ಧ ಗಾಳೀಲಿ ಇಟ್ಕೊಂಡು ಒಂದು ಕಾಲನ್ನ ನೆಲಕ್ಕೆ ಊರಿ ಬ್ಯಾಲೆನ್ಸ್ ಮಾಡ್ತಾನೆ, ಅದೇ ಫೋರ್ತ್ ಸೀಟು. ದಾದರ್ ಬರೋ ಹೊತ್ತಿಗೆ ಆ ಕಾಲು ಜೋಮು ಹಿಡಿದಿರತ್ತೆ, ಇಳಿಯೋವಾಗ ನಾನೇ ಅರ್ಧ ಹೆಣದ ಥರ ನಡೀತಿದ್ದೆ, ಹಾಗಾಗಿ ಪುಸ್ತಕಕ್ಕೆ ವಾತಾವರಣದ ಕೊರತೆ ಏನೂ ಇರ್ಲಿಲ್ಲ.

ವಿಟೀಲಿ ಇಳಿದಾಗಂತೂ ಕೇಳೋದೇ ಬೇಡ. ಸ್ಟೀವನ್ಸ್ ಅನ್ನೋ ಆರ್ಕಿಟೆಕ್ಟ್ 1878ರಲ್ಲಿ ಶುರು ಮಾಡಿದ ಕಟ್ಟಡ ಹತ್ತು ವರ್ಷ ಹಿಡಿದು 1888ಕ್ಕೆ ಮುಗೀತು, ಅಂದ್ರೆ ಸರಿಯಾಗಿ ಕಾದಂಬರಿ ನಡೆಯೋ ವರ್ಷ. ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ಆಯ್ತು ಅಂತ 1887ರಲ್ಲಿ ಅವಳ ಹೆಸರನ್ನೇ ಇಟ್ರು. ಗೋಡೆ ತುಂಬ ಕಲ್ಲಿನ ಪ್ರಾಣಿಗಳು ಬಾಯಿ ತೆರ್ಕೊಂಡು ಹೊರಗೆ ಚಾಚಿರ್ತವೆ, ದಿನಾ ಅದರ ಕೆಳಗೇ ಓಡ್ತಿದ್ದೆ, ಆ ವಾರ ಮಾತ್ರ ನಿಂತು ನೋಡ್ದೆ. ರಾಣಿ ಎರಡನೇ ಮದುವೆ ಆಗಿದ್ದಿದ್ರೆ ಇಲ್ಲಿ ಏನಿರ್ತಿತ್ತು? ಬೈಕುಲಾದ ಮ್ಯೂಸಿಯಂಗೆ 1872ರಲ್ಲಿ ವಿಕ್ಟೋರಿಯಾ ಜೊತೆ ಅವಳ ಗಂಡ ಆಲ್ಬರ್ಟ್ ಹೆಸರನ್ನೂ ಸೇರಿಸಿದ್ರು, ಅವನು ಸತ್ತು ಹತ್ತು ವರ್ಷ ದಾಟಿತ್ತು. ಡ್ರಾಕುಲಾ ಬಂದಿದ್ರೆ ಆಲ್ಬರ್ಟ್ ಬೋರ್ಡ್ ಇಳಿಸ್ಬೇಕಿತ್ತು. ಹೆಸರು ಬದಲಾಯಿಸೋದು ಈ ಊರಿಗೆ ಹೊಸದೇನಲ್ಲ ಬಿಡಿ, ಮ್ಯೂಸಿಯಂ ಹೆಸರು 1975ರಲ್ಲಿ ಭಾವು ದಾಜಿ ಲಾಡ್ ಅಂತ ಆಯ್ತು, ಸ್ಟೇಷನ್ನು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯ್ತು. ನಾನು ಮಾತ್ರ ಟಿಕೆಟ್ ಕೇಳೋವಾಗ ಇನ್ನೂ ವಿಟಿ ಅಂತೀನಿ, ಬಾಯಿ ಕೇಳಲ್ಲ.

ಓದಿ ಮುಗಿಸಿದ್ಮೇಲೆ ಪುಸ್ತಕ ಊರು ಸುತ್ತೋಕೆ ಶುರು ಮಾಡ್ತು. ಅಭಿಪ್ರಾಯಗಳು ಬರ್ತಾ ಹೋದ್ವು, ಓದಿದವ್ರದ್ದು, ಅರ್ಧ ಓದಿದವ್ರದ್ದು, ಹಿಂದಿನ ರಟ್ಟು ಮಾತ್ರ ಓದಿದವ್ರದ್ದು.

ಮಾಟುಂಗಾದಲ್ಲಿ ನಾನು ಟಿಫಿನ್ ತಿನ್ನೋ ಉಡುಪಿ ಹೋಟೆಲಲ್ಲಿ ಗಲ್ಲೆ ಮೇಲೆ ಕೂರೋ ಮಾಮ ಮೂರನೇ ಗುಂಪಿನವ್ರು. ರಟ್ಟು ಓದಿ, ಚಿಲ್ಲರೆ ಎಣಿಸ್ತಾ ಕೇಳಿದ್ರು, ‘ಇವ್ರಿಗೆ ಬೆಳ್ಳುಳ್ಳಿ ಆಗುದಿಲ್ಲ ಅಲ್ವಾ?’ ಹೌದು ಮಾಮ, ಸ್ಟೋಕರ್ ಕಥೇಲಿ ಲೂಸಿ ಅನ್ನೋ ಹುಡುಗೀನ ಕಾಪಾಡೋಕೆ ರೂಮ್ ತುಂಬ ಬೆಳ್ಳುಳ್ಳಿ ಹೂವೇ ಇಡ್ತಾರೆ ಅಂದೆ. ಮಾಮ ಒಂದು ಸಲ ಅಡುಗೆಮನೆ ಕಡೆ ನೋಡಿ, ‘ನಮ್ಮಲ್ಲಿ ಈರುಳ್ಳಿಯೂ ಇಲ್ಲ ಬೆಳ್ಳುಳ್ಳಿಯೂ ಇಲ್ಲ, ಆರಾಮಾಗಿ ಬಂದು ಕೂತ್ಕೊಳ್ಳಬಹುದು, ಆದ್ರೆ ಸಾಂಬಾರ್ ಎರಡು ಸಲಕ್ಕಿಂತ ಹೆಚ್ಚು ಕೊಡುದಿಲ್ಲ’ ಅಂದ್ರು. ಪುಸ್ತಕದ ವಿಮರ್ಶೆ ಅಲ್ಲಿಗೆ ಮುಗೀತು.

ನನ್ನ ಅಕ್ಕನ ಮಗ ಪೂರ್ತಿ ಓದಿದ, ಎರಡೇ ರಾತ್ರೀಲಿ, ಓದಿ ಸಿಟ್ಟಾದ. ‘ಮಾವ, ಕೊಲೆಗಾರ ಯಾರು ಅಂತ ಮೊದಲನೇ ಅಧ್ಯಾಯದಲ್ಲೇ ಹೇಳ್ಬಿಟ್ರೆ ಉಳಿದಿದ್ದನ್ನ ಯಾಕೆ ಓದ್ಬೇಕು?’ ಹೌದು, ಅಲ್ಲೇ ಹೇಳ್ಬಿಡ್ತಾನೆ, ನಾನು ಹೇಳಲ್ಲ. ಅವನ ಎರಡನೇ ತಕರಾರು ಇನ್ನೂ ದೊಡ್ಡದು, ಅರ್ಧಕ್ಕರ್ಧ ಪಾತ್ರಗಳು ಬೇರೆಯವರ ಪುಸ್ತಕದಿಂದ ಎತ್ಕೊಂಡು ಬಂದಿದ್ದು ಅಂತ. ಅದೂ ನಿಜವೇ. ಷೆರ್ಲಾಕ್ ಹೋಮ್ಸ್‌ನ ಸೆರೆ ಶಿಬಿರಕ್ಕೆ ಹಾಕಿದಾರೆ, ಬ್ರಾಮ್ ಸ್ಟೋಕರ್‌ನೂ ಅಲ್ಲೇ ಹಾಕಿದಾರೆ, ಹೋಮ್ಸ್‌ನ ಅಣ್ಣನ ಡಯೋಜಿನಿಸ್ ಕ್ಲಬ್ ಒಳಗೊಳಗೇ ಸರ್ಕಾರದ ಗುಪ್ತ ಕೆಲಸ ಮಾಡತ್ತೆ, ಡಾಕ್ಟರ್ ಜೆಕಿಲ್ ಬರ್ತಾನೆ, 1819ರಲ್ಲಿ ಅಚ್ಚಾದ ಪೊಲಿಡೋರಿ ಕಥೆಯ ಲಾರ್ಡ್ ರುತ್ವೆನ್ ಇಲ್ಲಿ ಪ್ರಧಾನಮಂತ್ರಿ. ಓದ್ತಿದ್ರೆ ಹೆಣ್ಣಿನ ಕಡೆ ಮದುವೆಗೆ ಹೋದಂಗೆ, ಯಾರೋ ಒಬ್ರು ಕೈ ಹಿಡ್ಕೊಂಡು ‘ಇವ್ರು ಗೊತ್ತಾಯ್ತಲ್ಲ, ಇವ್ರು ನಿಮ್ಗೆ ಗೊತ್ತೇ ಇದಾರೆ’ ಅಂತ ಹಾಲ್ ತುಂಬ ಸುತ್ತಿಸ್ತಾರೆ, ನಾವು ಎಲ್ರಿಗೂ ಓಹೋ ಅಂತ ಕೈ ಮುಗೀತಾ ಹೋಗ್ತೀವಿ. ಗುರುತು ಸಿಕ್ರೆ ಖುಷಿ, ಸಿಗದಿದ್ರೂ ಊಟಕ್ಕೆ ತೊಂದರೆ ಇಲ್ಲ.

ಕೊಲೆಗಾರನ ವಿಷ್ಯಕ್ಕೆ ಉತ್ತರ ಕೊಟ್ಟಿದ್ದು ಅತ್ತೆ. ಅವ್ರು ಪುಸ್ತಕ ಮುಟ್ಟಿಲ್ಲ, ನಾನು ಊಟ ಮಾಡ್ತಾ ಕಥೆ ಹೇಳಿದ್ದನ್ನ ಕೇಳಿಸ್ಕೊಂಡಿದ್ರು. ‘ಎಂತ ಮಾರಾಯ, ದೇವಿ ಮಹಾತ್ಮೆ ಆಟದಲ್ಲಿ ರಕ್ತಬೀಜ ಸಾಯ್ತಾನೆ ಅಂತ ಗೊತ್ತಿಲ್ವಾ? ಆದ್ರೂ ಬೆಳಗಿನ ವರೆಗೆ ಕೂತ್ಕೊಳ್ಳುದಿಲ್ವಾ?’ ಮಳೆಗಾಲದಲ್ಲಿ ಊರಿಂದ ಯಕ್ಷಗಾನ ಮೇಳದವ್ರು ಮುಂಬೈಗೆ ಬಂದಾಗ ಅತ್ತೆ ಮೊಣಕಾಲಿಗೆ ಎಣ್ಣೆ ಹಚ್ಕೊಂಡು ಹೊರಡೋವ್ರು, ಅವ್ರ ಮಾತಿಗೆ ಅಕ್ಕನ ಮಗ ಬಾಯಿ ಮುಚ್ಚಿದ. ಆಮೇಲೆ ಅತ್ತೆ ಯೋಚ್ನೆ ಮಾಡಿ ಇನ್ನೊಂದು ಮಾತು ಹೇಳಿದ್ರು. ‘ಅವನ ಒಂದು ಹನಿ ರಕ್ತ ನೆಲಕ್ಕೆ ಬಿದ್ರೆ ಇನ್ನೊಬ್ಬ ಹುಟ್ತಾನೆ, ನಿಮ್ಮ ಈ ಕಥೆಯಲ್ಲೂ ಒಬ್ಬನಿಂದ ಹತ್ತು, ಹತ್ತರಿಂದ ನೂರು. ಆದ್ರೆ ನಮ್ಮಲ್ಲಿ ರಕ್ತ ಕುಡಿಯುದು ಕಾಳಿ. ನೆಲಕ್ಕೆ ಬೀಳ್ಬಾರ್ದು ಅಂತ ನಾಲಿಗೆ ಚಾಚಿ ಕುಡೀತಾಳೆ.’ ರಕ್ತ ಕುಡಿಯೋದು ಕೆಟ್ಟವ್ರ ಕೆಲಸ ಅಂತ ನಾನು ಇನ್ನೂರು ಪುಟ ನಂಬ್ಕೊಂಡು ಬಂದಿದ್ದೆ, ಅತ್ತೆ ಮಜ್ಜಿಗೆ ಬಡಿಸ್ತಾ ಅದನ್ನ ತಿರುಗಿಸಿ ಇಟ್ರು.

ಹೆಂಡತಿ ಹೇಳಿದ್ದು ಬೇರೆ. ಅವಳಿಗೆ ಹಿಡಿಸಿದ್ದು ಬಾಗಿಲಿನ ವಿಷ್ಯ. ಸ್ಟೋಕರ್ ಪ್ರಕಾರ ಮನೆಯವ್ರು ಯಾರಾದ್ರೂ ಮೊದಲನೇ ಸಲ ಒಳಗೆ ಕರೀದೆ ಪಿಶಾಚಿ ಹೊಸ್ತಿಲು ದಾಟೋ ಹಾಗಿಲ್ಲ. ಇವಳು ಸಣ್ಣವಳಿದ್ದಾಗ ರಜೆಗೆ ಹೋದ ಊರಲ್ಲಿ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದಿದ್ರಂತೆ, ರಾತ್ರಿ ಬಂದ ದೆವ್ವ ಓದಿ ವಾಪಸ್ ಹೋಗತ್ತೆ, ಮರುದಿನ ಬಂದ್ರೂ ಅದೇ ಬರಹ, ಪಾಪ ಅದಕ್ಕೆ ಓದೋಕೆ ಬರತ್ತೆ, ಲೆಕ್ಕ ಬರಲ್ಲ. ನಮ್ಮ ಸೊಸೈಟೀಲಿ ಈಗ ಅದೂ ಬೇಡ, ಗೇಟಲ್ಲಿ ವಾಚ್‌ಮನ್ ರಿಜಿಸ್ಟರ್ ತೆಗೆದು ಹೆಸರು, ಎಲ್ಲಿಂದ, ಯಾವ ಫ್ಲ್ಯಾಟ್, ಮೊಬೈಲ್ ನಂಬರ್ ಅಂತ ಕೇಳ್ತಾನೆ, ಟ್ರಾನ್ಸಿಲ್ವೇನಿಯಾ ಅಂತ ದೇವನಾಗರೀಲಿ ಬರೆಯೋ ಹೊತ್ತಿಗೆ ಸೂರ್ಯ ಹುಟ್ಟಿರ್ತಾನೆ. ‘ಅದಿರ್ಲಿ, ಇಡೀ ದೇಶದೊಳಗೆ ಅವನು ಹೆಂಗೆ ನುಗ್ಗಿದ ಹೇಳಿ’ ಅಂದ್ಲು. ‘ರಾಣಿ ಮದುವೆ ಆದ್ಲು. ಮನೆಯೊಡತೀನೇ ಬಾ ಅಂದ್ಮೇಲೆ ಇನ್ಯಾರು ತಡೀತಾರೆ?’ ಇಡೀ ಪುಸ್ತಕ ಓದಿದ ನನಗೆ ಇದು ಹೊಳೆದಿರ್ಲಿಲ್ಲ ಅನ್ನೋದು ಸ್ವಲ್ಪ ಬೇಜಾರು.

ಮಗಳಿಗೆ ಇಷ್ಟ ಆಗಿದ್ದು ಒಂದೇ, ಚೀನಾದ ಕುಪ್ಪಳಿಸೋ ಪಿಶಾಚಿ. ಹೆಣ ಸೆಟೆದು ಮೊಣಕಾಲು ಮಡಚಕ್ಕೆ ಆಗಲ್ವಂತೆ, ಹಾಗಾಗಿ ಎರಡೂ ಕಾಲು ಜೋಡಿಸಿ ಕುಪ್ಪಳಿಸ್ತಾನೇ ಬರತ್ತೆ. ಅವಳು ಹಾಲ್‌ನಲ್ಲಿ ಮಾಡಿ ತೋರಿಸಿದಾಗ ಕೆಳಗಿನ ಫ್ಲ್ಯಾಟಿನ ಕಾಕು ಬಂದು ಬೆಲ್ ಹೊಡೆದ್ರು. ಮ್ಯಾಥ್ಸ್ ಗೈಡ್ ಇನ್ನೂ ಬಂದಿರ್ಲಿಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ.

ಆಮೇಲೆ ಪುಸ್ತಕ ವಾಸ್ಕೋಗೆ ಹೋಯ್ತು. ಅಲ್ಲಿ ನನ್ನ ಹಳೇ ರೂಮ್‌ಮೇಟ್ ಇದಾನೆ, ಧಾರವಾಡದವ್ನು, ಇಪ್ಪತ್ತು ವರ್ಷದಿಂದ ಗೋವಾದಲ್ಲೇ ನೌಕರಿ. ಒಂದು ತಿಂಗಳು ಸುದ್ದಿ ಇಲ್ಲ, ಆಮೇಲೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನು. ‘ಏನಲೇ, ಈ ಇಂಗ್ಲಿಷರಿಗೆ ಪಿಶಾಚಿ ಅಂದ್ರ ಬರೇ ಕಡಿಯೋದ ಗೊತ್ತೇನು? ಇಲ್ಲಿ ನಮ್ಮ ಗೋವಾದಾಗ ಬೇತಾಳ ಊರ ದೇವರು. ರಾತ್ರಿ ಊರು ಕಾಯ್ಕೋತ ತಿರಗ್ತಾನ, ನಡದೂ ನಡದೂ ಚಪ್ಪಲಿ ಸವೀತಾವು ಅಂತ ಮಂದಿ ಹೊಸಾ ಚಪ್ಪಲಿ ತಂದು ಇಡ್ತಾರ.’ ನಂಗೆ ಆಗ ನೆನಪಾಯ್ತು, ರಿಚರ್ಡ್ ಬರ್ಟನ್ ಅನ್ನೋ ಇಂಗ್ಲಿಷ್ ಅಧಿಕಾರಿ 1842ರಲ್ಲಿ ಕಂಪನಿ ಸೈನ್ಯಕ್ಕೆ ಅಂತ ಮುಂಬೈಗೆ ಬಂದಿಳಿದು, 1851ರಲ್ಲಿ ಗೋವಾ ಮೇಲೆ ಒಂದು ಪುಸ್ತಕ ಬರೆದು, 1870ರಲ್ಲಿ ನಮ್ಮ ವಿಕ್ರಮ ಬೇತಾಳನ ಕಥೆಗಳನ್ನ ಇಂಗ್ಲಿಷಿಗೆ ತಗೊಂಡು ಹೋದಾಗ ಬೇತಾಳನಿಗೆ ಇಟ್ಟ ಹೆಸರು ವ್ಯಾಂಪೈರ್. ಸ್ಟೋಕರ್ ಡ್ರಾಕುಲಾಕ್ಕೆ 27 ವರ್ಷ ಮೊದಲೇ. ಹೆಗಲ ಮೇಲೆ ಕೂತು ಕಥೆ ಹೇಳಿ ಒಗಟು ಕೇಳೋದು ಬಿಟ್ರೆ ಆ ಬೇತಾಳ ರಾಜನಿಗೆ ಏನೂ ಮಾಡಿಲ್ಲ, ಹೆಸರು ಮಾತ್ರ ಕೆಡ್ತು.

‘ಇನ್ನೊಂದು ಕೇಳು’ ಅಂದ ಅವ್ನು. ‘ಒಂದು ಮದುವಿ ಆದ್ರ ಹಿಸ್ಟರಿ ಬದಲಾಗ್ತದ ಅಂತ ಅಂವ ಕಾದಂಬರಿ ಬರದಾನ. ನಿಮ್ಮ ಮುಂಬೈನ ಒಂದು ಮದುವಿ ಬಳುವಳಿ ಅಲ್ಲೇನಲೇ? ಪೋರ್ಚುಗೀಸರು ತಮ್ಮ ಹುಡುಗೀನ್ನ ಇಂಗ್ಲೆಂಡ್ ರಾಜಾಗ ಕೊಟ್ಟು ಜೊತಿಗೆ ಮುಂಬೈ ಕೊಟ್ರು. ಆ ಸಂಬಂಧ ಮುರದಿದ್ರ ನೀವೂ ನಮ್ಮಂಗ 1961ರ ತನಕಾ ಅವರ ಕೈಯಾಗ ಇರ್ತಿದ್ರಿ, ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗ್ತಿದ್ರಿ.’ ಮಾತು ಸರಿ. ಕ್ಯಾಥರೀನ್ ಆಫ್ ಬ್ರಗಾಂಜಾ ಮದುವೆ ಒಪ್ಪಂದ ಆಗಿದ್ದು 1661ರಲ್ಲಿ, ಅಳಿಯ ಎರಡನೇ ಚಾರ್ಲ್ಸ್‌ಗೆ ಈ ಬಳುವಳಿ ಭಾರ ಅನ್ನಿಸಿ 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಬಿಟ್ಟ. ಇಡೀ ಮುಂಬೈ, ವರ್ಷಕ್ಕೆ ಹತ್ತು ಪೌಂಡ್. ನಮ್ಮ ಮನೆ ಓನರ್‌ಗೆ ಇದು ಗೊತ್ತಾಗೋದು ಬೇಡ.

ಫೋನ್ ಇಟ್ಮೇಲೆ ನಿದ್ದೆ ಬರಲಿಲ್ಲ. ಈ ‘ಹಾಗಾಗಿದ್ರೆ’ ಅನ್ನೋ ಕಥೆ ಬರೆಯೋಕೆ ನ್ಯೂಮನ್ ಬೇಕಾ, ನಮ್ಮ ದೊಡ್ಡಪ್ಪ ನಲವತ್ತು ವರ್ಷದಿಂದ ಪ್ರತಿ ಮದುವೆಮನೇಲೂ ಹೇಳ್ತಾ ಇದಾರೆ. ಮಾಟುಂಗಾದಲ್ಲಿ ಪಗಡಿ ಮೇಲೆ, ಅಂದ್ರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಆಮೇಲೆ ಪುಡಿ ಬಾಡಿಗೆಗೆ, ಒಂದು ರೂಮು ಸಿಗ್ತಿತ್ತು, ಕೈಯಲ್ಲಿ ದುಡ್ಡೂ ಇತ್ತು, ನೋಡೋಕೂ ಹೋಗಿದ್ರು, ಬೆಳಿಗ್ಗೆ ಸಂಡಾಸಿಗೆ ಬಾಲ್ದಿ ಹಿಡ್ಕೊಂಡು ಕ್ಯೂ ನಿಂತಿದ್ದವ್ರನ್ನ ನೋಡಿ ವಾಪಸ್ ಬಂದ್ರು. ಅದನ್ನ ತಗೊಂಡಿದ್ರೆ! ಅಲ್ಲಿಂದ ದೊಡ್ಡಪ್ಪನ ಕಾದಂಬರಿ ಶುರು. ನಾವೆಲ್ಲ ಮಾಟುಂಗಾದಲ್ಲೇ ಬೆಳೀತಿದ್ವಿ, ನಾನು ಒಳ್ಳೇ ಕಾಲೇಜಿಗೆ ಹೋಗ್ತಿದ್ದೆ, ಡೊಂಬಿವ್ಲಿ ಅನ್ನೋ ಊರೇ ನೋಡ್ತಿರ್ಲಿಲ್ಲ. ಹಾಗಾಗಿದ್ರೆ ಡೊಂಬಿವ್ಲಿ ಪ್ಲ್ಯಾಟ್‌ಫಾರ್ಮಲ್ಲಿ ನಿನ್ನ ಭೇಟಿನೂ ಆಗ್ತಿರ್ಲಿಲ್ಲ ಅಂತ ಹೆಂಡತಿಗೆ ಒಂದ್ಸಲ ಹೇಳಿದ್ದೆ, ಅವಳು ಕೊತ್ತಂಬರಿ ಸೋಸ್ತಾ ‘ತಗೊಳ್ಬೇಕಿತ್ತು ಅವ್ರು’ ಅಂದ್ಲು.

ಎಲ್ರೂ ಹೇಳಿದ್ಮೇಲೆ ನಂದೂ ಒಂದು ಇರ್ಲಿ. ಕಾದಂಬರೀಲಿ ನನ್ನನ್ನ ಹೆದರಿಸಿದ್ದು ಬೆಳ್ಳಿ ಚಾಕುವಲ್ಲ, ಡ್ರಾಕುಲಾನೂ ಅಲ್ಲ, ಅವನು ತೆರೆ ಮೇಲೆ ಬರೋದೇ ಕೊನೇಲಿ. ಲಾರ್ಡ್ ಗೊಡಾಲ್ಮಿಂಗ್ ಅಂತ ಒಬ್ಬ ಬರ್ತಾನೆ. ಸ್ಟೋಕರ್ ಕಥೇಲಿ ತಾನು ಮದುವೆ ಆಗ್ಬೇಕಿದ್ದ ಹುಡುಗಿ ಪಿಶಾಚಿ ಆದ್ಲು ಅಂತ ಅವಳ ಎದೆಗೆ ಕೈಯಾರೆ ಗೂಟ ಹೊಡೆದವ್ನೇ ಅವ್ನು. ಇಲ್ಲಿ ಅವನೇ ಪಿಶಾಚಿ ಆಗಿ, ಹೊಸ ಸರ್ಕಾರದ ಜೊತೆ ಸೇರ್ಕೊಂಡು, ಮೇಲೆ ಹೋಗೋ ದಾರಿ ಹುಡುಕ್ತಾ ಇದಾನೆ. ಯಾರೂ ಕತ್ತು ಹಿಡ್ಕೊಂಡು ಕಚ್ಚಿದ್ದಲ್ಲ, ಪ್ರಮೋಷನ್‌ಗೆ ಅಪ್ಲಿಕೇಶನ್ ಹಾಕೋ ಹಾಗೆ ತಾವಾಗೇ ಕುತ್ತಿಗೆ ಕೊಟ್ಟವ್ರು. ನಾಯಕನ ಜೊತೆ ನಿಶ್ಚಯ ಆದ ಹುಡುಗಿಗೂ ಅದೇ ಆಸೆ, ಎಲ್ಲಾ ಒಳ್ಳೇ ಮನೆಯವ್ರೂ ಆಗ್ತಿದಾರೆ, ನಾವ್ಯಾಕೆ ಹಿಂದೆ ಬೀಳ್ಬೇಕು ಅಂತ. ಆ ಪುಟ ಓದ್ತಿದ್ದಾಗ ಟ್ರೇನು ಠಾಣೇಲಿ ನಿಂತಿತ್ತು, ಯಾರೋ ಬಂದು ‘ಥೋಡಾ ಅಡ್ಜಸ್ಟ್’ ಅಂದ, ನಾನು ಅವನ ಮುಖ ನೋಡದೇನೇ ಎರಡಿಂಚು ಸರಿದೆ. ಸರಿದ್ಮೇಲೆ ತಲೆ ಎತ್ತಿ ನೋಡ್ದೆ. ಸಾಧಾರಣ ಮನುಷ್ಯ, ತೊಡೆ ಮೇಲೆ ಟಿಫಿನ್ ಬ್ಯಾಗು.

ಪುಸ್ತಕ ಮೊನ್ನೆ ವಾಪಸ್ ಬಂತು, ಕೊಂಕಣ ಕನ್ಯಾ ರೈಲಲ್ಲಿ ಬಂದ ಗೆಳೆಯನ ಚಿಕ್ಕಪ್ಪನ ಕೈಲಿ, ಒಂದು ಪ್ಯಾಕೆಟ್ ಗೋಡಂಬಿ ಜೊತೆ. ತೆಗೆದು ನೋಡಿದ್ರೆ ನೂರ ಚಿಲ್ಲರೆ ಪುಟದ ಮೇಲೆ ಅಂಗೈ ಅಗಲ ಕೆಂಪು ಕಲೆ, ಹಿಂದಿನ ನಾಲ್ಕು ಹಾಳೆಗೂ ಇಳಿದಿದೆ. ಮಗಳು ಕಿರುಚಿದ್ಲು. ಅತ್ತೆ ಪುಸ್ತಕ ತಗೊಂಡು ಮೂಗಿನ ಹತ್ರ ಹಿಡಿದು ಮೂಸಿ ನೋಡಿ, ‘ಪುನರ್ಪುಳಿ’ ಅಂದ್ರು. ‘ಗೋವಾದವ್ರು ಕುಡಿಯುವ ಸೋಲ್‌ಕಡಿ ಚೆಲ್ಲಿದ್ದಾನೆ. ಬೆಳ್ಳುಳ್ಳಿ ಹಾಕಿದ್ದು.’