ಬೀಟೆ ಸಸಿಯನ್ನು ಉಳಿಸುವವರಿಗೆ ಕಾನೂನು ಏನು ಕೊಡುತ್ತದೆ?

ಕಾಫಿ ತೋಟಗಳಲ್ಲಿ ಬೀಟೆ, ಹೊನ್ನೆಯಂಥ ನಾಡುಮರ ಕಡಿಮೆಯಾಗಿ ಸಿಲ್ವರ್ ಓಕ್ ಹೆಚ್ಚಾಗುತ್ತಿದೆ ಎಂಬ ಮಾತು ಬಂದಾಗಲೆಲ್ಲ ಬೆಳೆಗಾರರ ದುರಾಸೆಯ ಮೇಲೆ ಗೂಬೆ ಕೂರಿಸುತ್ತೇವೆ. ನನ್ನನ್ನು ಕೇಳಿದರೆ ದೊಡ್ಡ ತಪ್ಪು ಕಾನೂನಿನದು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹೆಸರುಗಳನ್ನು ಗಮನಿಸಿ, ಈ ಮೂರೂ ಹೊರದೇಶದಿಂದ ಬಂದವು. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಅದೂ ನಿಜವೇ. ಆದರೆ ಕಷ್ಟಕಾಲಕ್ಕೆ ಕಡಿದು ಮಾರಬಹುದು ಎಂಬ ಧೈರ್ಯ ಅದರಲ್ಲಿದೆ. ಹೊನ್ನೆ, ಮತ್ತಿ, ನಂದಿ ಬೆಳೆಸಿದವರಿಗೆ ಆ ಧೈರ್ಯ ಇಲ್ಲ. ಅರ್ಜಿ, ದಾಖಲೆ, ಸ್ಥಳ ಪರಿಶೀಲನೆ, ಆಮೇಲೆ ಸಾಗಾಣಿಕೆಗೆ ಇನ್ನೊಂದು ಪರವಾನಗಿ. ಕೊಡಗಿನ ಕೆಲವು ಬಗೆಯ ಜಮೀನುಗಳಲ್ಲಂತೂ ಸರ್ಕಾರಕ್ಕೆ ಮರದ ಮೌಲ್ಯ ಕಟ್ಟದ ಹೊರತು ಮರದ ಒಡೆತನವೇ ಸಿಗುವುದಿಲ್ಲ.

ಹಾಗಾಗಿ ಇದೆಲ್ಲ ತೀರ್ಮಾನವಾಗುವುದು ಮರ ಕಡಿಯುವ ದಿನವಲ್ಲ, ಕಳೆ ತೆಗೆಯುವ ದಿನ. ಕಾಫಿ ಗಿಡದ ಪಕ್ಕ ತಾನಾಗಿ ಹುಟ್ಟಿದ ಗೇಣುದ್ದದ ಬೀಟೆ ಸಸಿಯನ್ನು ಉಳಿಸುವುದೋ ಕಿತ್ತುಹಾಕುವುದೋ? ಉಳಿಸಿದರೆ ಮೊಮ್ಮಕ್ಕಳ ಕಾಲಕ್ಕೆ ಕಚೇರಿ ಅಲೆದಾಟ. ಕಿತ್ತರೆ ಕೇಳುವವರೇ ಇಲ್ಲ. ಯಾವ ಮಹಜರಿನಲ್ಲೂ ಆ ಸಸಿಯ ಲೆಕ್ಕ ಇರುವುದಿಲ್ಲ.

ಶ್ರೀಗಂಧದ ಕಥೆ ನಮ್ಮ ಕಣ್ಣ ಮುಂದೆಯೇ ಇದೆ. ಮೈಸೂರು ಸೀಮೆಯಲ್ಲಿ ಅದು ರಾಜವೃಕ್ಷ. ರಾಜ್ಯವಾದ ಮೇಲೂ ನಮ್ಮ ಹೊಲದ ಬದುವಿನಲ್ಲಿ ಹುಟ್ಟಿದ ಗಂಧದ ಮರ ಸರ್ಕಾರದ ಸೊತ್ತೇ ಆಗಿತ್ತು. ಕಳುವಾದರೆ ವಿಚಾರಣೆ ಮಾತ್ರ ನಮ್ಮ ಮನೆ ಬಾಗಿಲಿಗೆ. ಇಂಥ ಮರವನ್ನು ಯಾರು ತಾನೇ ಆಸೆಯಿಂದ ಬೆಳೆಸುತ್ತಾರೆ? 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಜಮೀನಿನ ಮಾಲೀಕರಿಗೇ ಮರದ ಒಡೆತನ ಕೊಟ್ಟ ಮೇಲೆ ರೈತರು ಗಂಧವನ್ನು ಬೆಳೆಯೆಂದು ನೆಡತೊಡಗಿದರು. ಕಡಿಯಲು, ಸಾಗಿಸಲು ನಿರ್ಬಂಧಗಳು ಆಮೇಲೂ ಉಳಿದವು, ಕಳ್ಳರ ಕಾಟವೂ ತಪ್ಪಲಿಲ್ಲ. ಆದರೂ ನೆಟ್ಟರು.

ಬಿಗಿ ಸಡಿಲಿಸಿದರೆ ಟಿಂಬರ್ ದಂಧೆಯವರು ಗುಡ್ಡ ಬೋಳಿಸುತ್ತಾರೆ ಎಂಬ ಭಯ ನನಗೂ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಯಾರೂ ಮರೆಯಬಾರದು. ಕಡಿದಾದ ಇಳಿಜಾರು, ಹಳ್ಳದ ದಂಡೆ, ದೇವರಕಾಡಿನ ಅಂಚು, ಇಲ್ಲೆಲ್ಲ ಈಗಿರುವುದಕ್ಕಿಂತ ಬಿಗಿ ಬೇಕು. ಅಲ್ಲಿ ಮರ ಉಳಿಸಿಕೊಂಡವರಿಗೆ ಸರ್ಕಾರ ಹಣವನ್ನೂ ಕೊಡಲಿ. ಕೋಸ್ಟರಿಕಾ 1996ರ ಅರಣ್ಯ ಕಾನೂನಿನಲ್ಲಿ ಖಾಸಗಿ ಕಾಡು ಕಾಯುವವರಿಗೆ ಹಣ ಕೊಡುವ ವ್ಯವಸ್ಥೆ ಮಾಡಿತು. ಸ್ವೀಡನ್ 1903ರಲ್ಲೇ ಕಡಿದ ಜಾಗದಲ್ಲಿ ಮತ್ತೆ ಕಾಡು ಬೆಳೆಸುವುದನ್ನು ಖಾಸಗಿ ಮಾಲೀಕರ ಹೊಣೆ ಮಾಡಿತು. ನಮ್ಮ ಕಾಯ್ದೆಯಲ್ಲೂ ಕಡಿದವರು ಬದಲಿಗೆ ಮರ ನೆಡಬೇಕೆಂಬ ಮಾತಿದೆ. ಆ ಸಸಿ ಐದು ವರ್ಷದ ಮೇಲೆ ಬದುಕಿದೆಯೇ ಎಂದು ನೋಡುವ ಕೆಲಸಕ್ಕೆ ಸಿಬ್ಬಂದಿ ಕೊಡಿ.

ನನ್ನ ಬೇಡಿಕೆ ಇಷ್ಟೇ. ತೋಟದಲ್ಲಿ ನೆಟ್ಟ, ಇಲ್ಲವೇ ತಾನಾಗಿ ಹುಟ್ಟಿದ್ದನ್ನು ಉಳಿಸಿಕೊಂಡ ನಾಡುಮರ ಸಸಿಯಾಗಿರುವಾಗಲೇ ಪಹಣಿಯಲ್ಲಿ ದಾಖಲಾಗಲಿ. ಬಲಿತ ಮೇಲೆ ಕಡಿಯುವ ಹಕ್ಕು, ಕಡಿದರೆ ಮತ್ತೆ ನೆಡುವ ಹೊಣೆ, ಎರಡನ್ನೂ ಅಂದೇ ಬರೆದುಕೊಡಲಿ.