ಪೋರ್ಟಬಲ್ ಅಂದರೆ ಯಾರು ಹೊರಬೇಕು?

ನಮ್ಮ ಟೆಂಟಿನಲ್ಲಿ ಮಲಗಿದ್ದವರು ನಾನು, ಹೆಂಡತಿ, ಮಗ ಮತ್ತು ಒಂದು ಮರದ ಪೆಟ್ಟಿಗೆ. ತೇವ ತಗಲದ ಒಂದೇ ಮೂಲೆ ಇತ್ತು, ಅದು ಪೆಟ್ಟಿಗೆಗೆ ಹೋಯಿತು. ಹೊರಗಿಟ್ಟರೆ ಇಬ್ಬನಿ ಬೀಳುತ್ತದಲ್ಲ! ಇಬ್ಬನಿ ಬಿದ್ದರೆ ನನಗೇನೂ ಆಗುವುದಿಲ್ಲ ಅನ್ನೋದು ಹೆಂಡತಿಯ ಅಭಿಪ್ರಾಯ. ಹಾಗಾಗಿ ಬಾಗಿಲ ಬಳಿಯ ಜಾಗ ನನ್ನದು.

ಪೆಟ್ಟಿಗೆಯೊಳಗೆ ಇದ್ದದ್ದು ನಾನೇ ಕಟ್ಟಿದ ಬ್ಯಾಟರಿ. ಹಿಂದಿನ ಸಲ ಕ್ಯಾಂಪಿಂಗ್ ಹೋದಾಗ ಮೊದಲ ರಾತ್ರಿಯೇ ಪವರ್ ಬ್ಯಾಂಕ್ ಕೈಕೊಟ್ಟಿತ್ತು. ಮೊಬೈಲಿನ ಟಾರ್ಚೂ ಆರಿತು. ಕತ್ತಲಲ್ಲಿ ನಾನು ಟೆಂಟಿನ ಹಗ್ಗಕ್ಕೆ ಎಡವಿ ಟೆಂಟನ್ನೇ ಮಲಗಿಸಿಬಿಟ್ಟೆ. ಒಳಗಿದ್ದವರ ಸಮೇತ. ಅವತ್ತು ಮಾಡಿದ ಶಪಥದ ಫಲ ಈ ಪೆಟ್ಟಿಗೆ.

ಶಪಥ ಮಾಡಿದವನು ಲೆಕ್ಕ ಹಾಕಬೇಕು. ಹಾಕಿದೆ. 5 ವ್ಯಾಟಿನ ಎಲ್‌ಇಡಿ ದೀಪ 5 ಗಂಟೆ ಉರಿದರೆ 25 ವ್ಯಾಟ್-ಅವರ್. ಮೂರು ಫೋನಿಗೆ ತಲಾ 15ರಂತೆ 45. ಹತ್ತು ವ್ಯಾಟಿನ ಪುಟ್ಟ ಫ್ಯಾನು ರಾತ್ರಿಯಿಡೀ 8 ಗಂಟೆ ತಿರುಗಿದರೆ 80. ದಿನಕ್ಕೆ 150, ಎರಡು ದಿನಕ್ಕೆ 300. ಇಷ್ಟಕ್ಕೆ 12 ವೋಲ್ಟಿನ 30 ಆಂಪ್-ಅವರ್ ಬ್ಯಾಟರಿ ಧಾರಾಳ ಸಾಕು. ನಾನು ತಂದದ್ದು 100 ಆಂಪ್-ಅವರಿನ ನಾಲ್ಕು ಸೆಲ್. ಒಂದೊಂದೂ 3.2 ವೋಲ್ಟ್, ಸಾಲಾಗಿ ಜೋಡಿಸಿದರೆ 12.8. ವೋಲ್ಟನ್ನು ಆಂಪ್-ಅವರಿಗೆ ಗುಣಿಸಿದರೆ ಒಟ್ಟು 1280 ವ್ಯಾಟ್-ಅವರ್.

"ಎಂಟು ದಿನ ಬರುತ್ತೆ ನೋಡು" ಅಂದೆ.

"ನಾವು ಹೋಗ್ತಿರೋದು ಎರಡು ದಿನಕ್ಕೆ ಅಲ್ವೇನ್ರೀ?"

ಇಂಥ ಸಣ್ಣ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಸೆಲ್‌ಗಳನ್ನು ಜೋಡಿಸಲು ಕೂತಾಗ ಮಗ ಬಂದ. "ಅಪ್ಪಾ, ಇದು ಬೆಂಕಿ ಹತ್ತುತ್ತಾ?" ನನಗೆ ಪಾಠ ಮಾಡಲು ಇಷ್ಟೇ ಸಾಕು. ಇದು ಲಿಥಿಯಂ ಐರನ್ ಫಾಸ್ಫೇಟ್ ಕಣೋ, ಲಿಥಿಯಂ ಮನೆತನದಲ್ಲೇ ಶಾಂತ ಸ್ವಭಾವದ್ದು. ಇದರಲ್ಲಿ ಆಮ್ಲಜನಕ ರಂಜಕಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಬಿಸಿಯಾದರೂ ಸುಲಭಕ್ಕೆ ಬಿಟ್ಟುಕೊಡಲ್ಲ. ಇದನ್ನು 1997ರಲ್ಲಿ ಲೋಕಕ್ಕೆ ತೋರಿಸಿಕೊಟ್ಟದ್ದು ಜಾನ್ ಗುಡ್‌ಇನಫ್ ಅವರ ತಂಡ. ಲಿಥಿಯಂ ಬ್ಯಾಟರಿಯ ಕೆಲಸಕ್ಕೆ ಅವರಿಗೆ ನೊಬೆಲ್ ಸಿಕ್ಕಿದಾಗ ವಯಸ್ಸು 97! ಎಷ್ಟು ತಾಳ್ಮೆ ನೋಡು, ಅಂತ ಹೇಳುತ್ತಾ ಕೈಯೆತ್ತಿದೆ. ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್‌ಗಳ ಮೇಲೆ ಅಡ್ಡ ಬಿತ್ತು.

ಫಟಾರ್!

ಶಾಂತ ಸ್ವಭಾವದವರನ್ನು ಕೆಣಕಿದರೂ ಹೀಗೇ. ಬರೀ 3.2 ವೋಲ್ಟ್ ತಾನೇ ಅಂತ ಬರಿಗೈಯಲ್ಲಿ ಮುಟ್ಟಿ ನೋಡಿದ್ದೆ, ಏನೂ ಆಗಿರಲಿಲ್ಲ. ಆದರೆ ಉಕ್ಕಿನ ಸ್ಪ್ಯಾನರಿಗೆ ನನ್ನ ಚರ್ಮದಷ್ಟು ತಡೆ ಇಲ್ಲವಲ್ಲ, ನೂರಾರು ಆಂಪ್ ಒಂದೇ ಸಲ ನುಗ್ಗಿತು. ಸ್ಪ್ಯಾನರಿನ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ತೂತು. ಇದನ್ನೆಲ್ಲ ಕಾಯಬೇಕಾದ ಬಿಎಂಎಸ್, ಅಂದರೆ ಬ್ಯಾಟರಿ ಕಾವಲಿನ ಸರ್ಕ್ಯೂಟ್, ಆಗಿನ್ನೂ ಪೊಟ್ಟಣದಲ್ಲೇ ಬೆಚ್ಚಗೆ ಮಲಗಿತ್ತು. ಜೋಡಿಸಿದ್ದರೂ ಅಷ್ಟೇ, ಸೆಲ್ಲಿನ ಮೇಲೆ ನೇರವಾಗಿ ಬಿದ್ದದ್ದನ್ನು ಅದು ತಡೆಯಲಾರದು. ಅವತ್ತಿನಿಂದ ನನ್ನ ಸ್ಪ್ಯಾನರುಗಳೆಲ್ಲ ಮೈತುಂಬ ಇನ್ಸುಲೇಶನ್ ಟೇಪ್ ಸುತ್ತಿಕೊಂಡಿವೆ. ಮಗ ಪಾಠ ಕೇಳುವುದಿದ್ದರೆ ಬಾಗಿಲಾಚೆ ನಿಲ್ಲುತ್ತಾನೆ.

ಮುಂದಿನ ಪರೀಕ್ಷೆ 1000 ವ್ಯಾಟಿನ ಕೆಟಲ್. ಇನ್ವರ್ಟರ್ ಹಾಕಿ, ನೀರು ತುಂಬಿ, ಸ್ವಿಚ್ ಒತ್ತಿದೆ. ಎರಡೇ ನಿಮಿಷಕ್ಕೆ ಬಿಸಿಯ ವಾಸನೆ ಬಂತು. ನೀರಿನದಲ್ಲ, ವೈರಿನದು. ಮನೆಯ ಗೋಡೆಯಲ್ಲಿ ಇದೇ ಕೆಟಲ್ ನಾಲ್ಕೈದು ಆಂಪಿಗೆ ಸುಮ್ನೆ ಕೂರುತ್ತೆ. ವೋಲ್ಟೇಜು ಹನ್ನೆರಡಕ್ಕೆ ಇಳಿದರೆ ಆಂಪು ಎಂಬತ್ತರ ಮೇಲೆ. ನಾನು ಹಾಕಿದ್ದು ದೀಪಕ್ಕೆ ಹಾಕುವ ಸಣ್ಣ ವೈರು. ಮಧ್ಯೆ ಫ್ಯೂಸ್ ಇತ್ತು, ಇಲ್ಲ ಅನ್ನಲ್ಲ. ಆದರೆ ಅದು 100 ಆಂಪಿನದು. ಫ್ಯೂಸ್ ಹಾಕೋದು ವೈರಿಗೆ ಕಾವಲು ಅಂತ. ವೈರು ಕರಗುತ್ತಿರುವಾಗ ಕಾವಲುಗಾರ ತನ್ನ ಸರದಿ ಇನ್ನೂ ಬಂದಿಲ್ಲ ಅಂತ ಗೊರಕೆ ಹೊಡೆಯುತ್ತಿದ್ದ.

ಸರಿ, ಬೆರಳುದಪ್ಪದ ತಾಮ್ರದ ವೈರು ತಂದೆ. ಅದು ಬಗ್ಗಲಿಲ್ಲ. ಬಗ್ಗದ ವೈರಿಗೆ ದೊಡ್ಡ ಪೆಟ್ಟಿಗೆ ಮಾಡಿದೆ. ದೊಡ್ಡ ಪೆಟ್ಟಿಗೆಗೆ ದಪ್ಪ ಹಲಗೆ ಬೇಕಾಯಿತು. ಕೊನೆಗೆ ತೂಗಿದರೆ 22 ಕಿಲೋ. ಅದರಲ್ಲಿ ಸೆಲ್‌ಗಳದ್ದು ಬರೀ ಎಂಟು! ಮೇಲೊಂದು ಚಂದದ ಹಿಡಿಕೆ ಹಾಕಿದ್ದೆ. ಮೊದಲ ಸಲ ಎತ್ತಿದಾಗ ಹಿಡಿಕೆ ಮಾತ್ರ ಮೇಲೆ ಬಂತು. ಪೋರ್ಟಬಲ್ ಅಂದರೆ ಹೊರಬಹುದಾದದ್ದು, ನಿಜ. ಯಾರು ಹೊರಬೇಕು ಅಂತ ಆ ಪದ ಹೇಳುವುದಿಲ್ಲ.

ಕ್ಯಾಂಪಿಗೆ ಬಂದ ಮೇಲೆ ಸೋಲಾರ್ ಪ್ಯಾನೆಲ್ಲಿನ ಸರದಿ. ಟೆಂಟಿಗೆ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು ಬೇಕು, ನನ್ನ ವೈರು ಮೂರೇ ಮೀಟರ್. ಸಾಕಷ್ಟು ಚರ್ಚೆಯಾಗಿ ಟೆಂಟು ನೆರಳಿನ ಅಂಚಿಗೆ ಬಂತು, ಅಂದರೆ ನಾವು ಅರ್ಧ ಬೆಂದೆವು, ಪ್ಯಾನೆಲ್ಲಿಗೆ ಅರ್ಧ ಬಿಸಿಲು ಸಿಕ್ಕಿತು. ಪ್ಯಾನೆಲ್ಲಿನಲ್ಲಿ ಬಿಲ್ಲೆಗಳೆಲ್ಲ ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಒಂದರ ಮೇಲೆ ಕೊಂಬೆಯ ನೆರಳು ಬಿದ್ದರೆ ಆ ಸಾಲೇ ಮುಷ್ಕರ ಹೂಡುತ್ತದೆ. 100 ವ್ಯಾಟಿನ ಪ್ಯಾನೆಲ್ 20 ವ್ಯಾಟ್ ಕೊಡುತ್ತಿತ್ತು. ಅರ್ಧ ಗಂಟೆಗೊಮ್ಮೆ ಎದ್ದು ಅದನ್ನು ಸೂರ್ಯನ ಕಡೆ ತಿರುಗಿಸೋದೇ ನನ್ನ ವಿಹಾರ. ಹೆಂಡತಿ ಮಗ ಇಬ್ಬರೂ ಹೊಳೆ ನೋಡಿ ಬಂದರು. ಚೆನ್ನಾಗಿತ್ತಂತೆ.

ಆದರೂ ನನಗೆ ಧೈರ್ಯವಿತ್ತು. ಮೀಟರು ಬೆಳಿಗ್ಗೆ 13.2 ವೋಲ್ಟ್ ತೋರಿಸಿತು, ಸಂಜೆ 13.1. "ನೋಡು, ಖರ್ಚೇ ಆಗಿಲ್ಲ" ಅಂತ ಇಬ್ಬರನ್ನೂ ಕರೆದು ತೋರಿಸಿದೆ. ಈ ಜಾತಿಯ ಬ್ಯಾಟರಿ ಹಾಗೇ. ತುಂಬಿದ್ದಾಗಲೂ ಮುಕ್ಕಾಲು ಖಾಲಿಯಾದಾಗಲೂ ಹೆಚ್ಚುಕಡಿಮೆ ಒಂದೇ ಮುಖ. ಕೊನೆಗೊಮ್ಮೆ ಧೊಪ್ಪನೆ ಬೀಳುತ್ತದೆ. ಎಷ್ಟು ಉಳಿದಿದೆ ಅಂತ ನೋಡಲು ಒಳಗೆ ಹೋದದ್ದು ಹೊರಗೆ ಬಂದದ್ದು ಎಣಿಸುವ ಶಂಟ್ ಮೀಟರ್ ಬೇಕು. ಅದಕ್ಕೆ ಪೆಟ್ಟಿಗೆಯಲ್ಲಿ ಜಾಗ ಇರಲಿಲ್ಲ.

ಎರಡನೆಯ ರಾತ್ರಿ ಎರಡು ಗಂಟೆಗೆ ಪೆಟ್ಟಿಗೆ ಕೀಂಯ್ ಕೀಂಯ್ ಅಂತ ಅರಚತೊಡಗಿತು. ಮಗ ಯಾವುದೋ ಪ್ರಾಣಿ ಅಂದುಕೊಂಡು ಅಮ್ಮನ ಮೇಲೆ ಹತ್ತಿದ. ನಾನು ಏಳುವಷ್ಟರಲ್ಲಿ ಅರಚಾಟ ನಿಂತಿತು. ಫ್ಯಾನೂ ನಿಂತಿತು.

ಕತ್ತಲಲ್ಲಿ ಕೂತು ಮತ್ತೆ ಲೆಕ್ಕ ಹಾಕಿದೆ. ಇನ್ವರ್ಟರನ್ನು ಆನ್ ಮಾಡಿದ್ದು ಹೊರಡುವ ಹಿಂದಿನ ಸಂಜೆ, ಸುಮ್ನೆ ಪರೀಕ್ಷೆಗೆ. ಆಫ್ ಮಾಡಿದ್ದು ನೆನಪಿಲ್ಲ. ಏನೂ ಕೆಲಸ ಇಲ್ಲದಿದ್ದರೂ ಅದು ತನ್ನ ಪಾಡಿಗೆ 20 ವ್ಯಾಟ್ ತಿನ್ನುತ್ತದೆ. 56 ಗಂಟೆಗೆ 1120 ವ್ಯಾಟ್-ಅವರ್. ನಾವು ಮೂವರು ದೀಪ, ಫೋನು, ಫ್ಯಾನು ಅಂತ ಬಳಸಿದ್ದು 300ರ ಒಳಗೆ. ಅಂದರೆ ಇಷ್ಟು ದೊಡ್ಡ ಬ್ಯಾಟರಿಯನ್ನು ನಾನು ಕಟ್ಟಿದ್ದು ಇನ್ವರ್ಟರಿನ ಹೊಟ್ಟೆಪಾಡಿಗೆ. ಅದು ಬೇಕಾಗಿಯೂ ಇರಲಿಲ್ಲ. ನಮ್ಮ ದೀಪ, ಫೋನು, ಫ್ಯಾನು ಮೂರೂ ಬ್ಯಾಟರಿಯ 12 ವೋಲ್ಟಿಗೆ ನೇರ ಜೋಡಿಸುವ ಯುಎಸ್‌ಬಿ ಸಾಕೆಟ್ಟಿನಲ್ಲೇ ನಡೆಯುತ್ತಿದ್ದವು. ಕೆಟಲ್ ಮನೆಯಲ್ಲೇ ಉಳಿದಿತ್ತು, ಅದಕ್ಕೆ ಜಾಗ ಇರಲಿಲ್ಲ ಅಂತ.

ಬೆಳಿಗ್ಗೆ ಪ್ಯಾನೆಲ್ಲಿಗೆ ಬಿಸಿಲು ಬಿದ್ದದ್ದೇ ಪೆಟ್ಟಿಗೆ ಜೀವ ತಳೆಯಿತು. "ಬಂತು, ಬಂತು!" ಅಂತ ಕುಣಿದೆ. ಕೀಂಯ್ ಕೀಂಯ್ ಅಂದಿತು.

"ರೀ, ಮೊದಲು ಆ ಸ್ವಿಚ್ಚು ಆಫ್ ಮಾಡಿ" ಅಂದಳು ಹೆಂಡತಿ.

ಕಾರು ನಿಂತಿದ್ದು ದಿಬ್ಬದ ಮೇಲೆ. ವಾಪಸು ಹೊರಟಾಗ ನೀರಿನ ಕ್ಯಾನು ಹಗುರ, ಊಟದ ಚೀಲ ಹಗುರ. ನಾನು ಪೆಟ್ಟಿಗೆ ತಬ್ಬಿಕೊಂಡು ಏದುಸಿರು ಬಿಡುತ್ತಾ ಹತ್ತುತ್ತಿದ್ದೆ. ಮಗ ಪಕ್ಕದಲ್ಲೇ ಬಂದ.

"ಅಪ್ಪಾ, ಖಾಲಿ ಆಯ್ತಲ್ವಾ? ಮತ್ಯಾಕೆ ಅಷ್ಟೇ ಭಾರ ಇದೆ?"

ಒಳ್ಳೆಯ ಪ್ರಶ್ನೆ. ಪಾಠ ಮಾಡಲು ಉಸಿರು ಇರಲಿಲ್ಲ.