ಅತ್ತೆಯ ಮುತ್ತಜ್ಜಿ ಮತ್ತು ಒಗ್ಗರಣೆ ಸಾಸಿವೆ

ನಿನ್ನೆ ರಾತ್ರಿ ಒಂದೂವರೆ ತನಕ ಲ್ಯಾಪ್‌ಟಾಪ್‌ಗೆ ಮೂಗು ತಾಗಿಸ್ಕೊಂಡು ಕೂತಿದ್ದರ ಫಲ, ಇವತ್ತು ಬೆಳಗ್ಗೆ ಮೀಟಿಂಗ್‌ನಲ್ಲಿ ಮ್ಯಾನೇಜರ್ "ನಿಂದು ಏನು ಅಪ್‌ಡೇಟು" ಅಂದ್ರೆ "ಬ್ಯಾಪ್ಟಿಸಮ್ ಸಿಕ್ತು" ಅಂದುಬಿಟ್ಟೆ. ಹನ್ನೊಂದು ಜನ ಮ್ಯೂಟ್‌ನಲ್ಲಿ ನಕ್ಕರು. ಕಾಣಿಸ್ತಿತ್ತು.

ಇದಕ್ಕೆಲ್ಲ ಕಾರಣ ನಮ್ಮತ್ತೆ. ನಾನು ಐರ್ಲೆಂಡಿನ ಕಾರ್ಕ್‌ಗೆ ಬಂದು ಎಂಟು ವರ್ಷ ಆಯ್ತು, ಇಲ್ಲಿಯವನನ್ನೇ ಮದುವೆ ಆಗಿದ್ದೀನಿ, ಹಾಗಾಗಿ ಅತ್ತೆನೂ ಇಲ್ಲಿಯವರೇ. ದೇಶ ಯಾವುದಾದ್ರೇನು, ಸೊಸೆ ಸಾಫ್ಟ್‌ವೇರ್‌ನಲ್ಲಿದ್ದಾಳೆ ಅಂದ್ರೆ ಮನೆಯವರಿಗೆ ಒಂದೇ ಅರ್ಥ. ಊರಲ್ಲಿ ನಮ್ಮ ಸೋದರಮಾವ ಪ್ರಿಂಟರ್ ಕೆಟ್ಟರೆ ನಂಗೇ ಫೋನ್ ಮಾಡ್ತಾರೆ, ಇಲ್ಲಿ ನಮ್ಮತ್ತೆ "ನೀನು ಕಂಪ್ಯೂಟರ್‌ನವಳಲ್ವಾ, ನಮ್ಮ ಮುತ್ತಜ್ಜಿ ಹುಟ್ಟಿದ ದಾಖಲೆ ಒಂಚೂರು ಹುಡುಕಿಕೊಡು, ನಿಂಗೆ ಹತ್ತು ನಿಮಿಷದ ಕೆಲಸ" ಅಂದ್ರು. ಅದು ನವೆಂಬರ್. ಈಗ ಫೆಬ್ರವರಿ.

ಮೊದಮೊದಲು ನಂಗೂ ಜೋಶ್ ಇತ್ತು, ಸುಳ್ಳು ಯಾಕೆ ಹೇಳ್ಲಿ. ಇಲ್ಲಿಯ ನ್ಯಾಷನಲ್ ಲೈಬ್ರರಿಯವರು ಕ್ಯಾಥೊಲಿಕ್ ಚರ್ಚ್‌ಗಳ ಹಳೇ ರಿಜಿಸ್ಟರ್‌ಗಳನ್ನೆಲ್ಲ ಮೈಕ್ರೋಫಿಲ್ಮ್ ಮಾಡಿಟ್ಟಿದ್ರಲ್ಲ, ಅದನ್ನ 2015ರ ಜುಲೈಯಲ್ಲಿ ಆನ್‌ಲೈನ್ ಹಾಕಿದ್ದಾರೆ, 3,70,000ಕ್ಕೂ ಹೆಚ್ಚು ಚಿತ್ರಗಳು, ಅದೂ ಪುಕ್ಕಟೆ. ಪುಕ್ಕಟೆ ಅಂದಮೇಲೆ ಬಿಡೋಕಾಗುತ್ತಾ. ಸರ್ಕಾರ ಎಲ್ಲರ ಜನನ ಮರಣ ಬರೆದಿಡೋಕೆ ಶುರು ಮಾಡಿದ್ದು 1864ರಲ್ಲಿ, ಅದಕ್ಕೂ ಹಿಂದೆ ಹೋಗಬೇಕು ಅಂದ್ರೆ ಪಾದ್ರಿಗಳ ಪುಸ್ತಕವೇ ಗತಿ. ಮಗು ಹುಟ್ಟಿದ ಒಂದೆರಡು ದಿನದಲ್ಲೇ ಬ್ಯಾಪ್ಟಿಸಮ್, ಅಂದ್ರೆ ತಲೆಗೆ ನೀರು ಹಾಕಿ ಧರ್ಮಕ್ಕೆ ಸೇರಿಸೋ ಶಾಸ್ತ್ರ, ಮಾಡಿಸಿಬಿಡ್ತಿದ್ರು, ಮಗು ಉಳಿಯುತ್ತೋ ಇಲ್ವೋ ಅನ್ನೋ ಭಯಕ್ಕೆ. ಆ ಪುಸ್ತಕದಲ್ಲಿ ಮಗು ಹೆಸರು, ಅಪ್ಪ, ಅಮ್ಮ, ಧರ್ಮದ ಅಪ್ಪ ಅಮ್ಮ ಅಂತ ಜೊತೆಗೆ ನಿಂತ ಇಬ್ಬರು ಸ್ಪಾನ್ಸರ್‌ಗಳು, ಪಾದ್ರಿ ಮೂಡ್ ಚೆನ್ನಾಗಿದ್ರೆ ಊರು.

ನಮ್ಮ ಪಾದ್ರಿ ಮೂಡ್ ಯಾವತ್ತೂ ಚೆನ್ನಾಗಿರಲಿಲ್ಲ. ಪುಣ್ಯಾತ್ಮನ ಕೈಬರಹ ನೋಡಿದ್ರೆ ಜಿರಳೆ ಮಸಿ ಕುಡಿಕೆಗೆ ಬಿದ್ದು, ಎದ್ದು, ಪೇಜಿನ ಮೇಲೆ ಮನೆ ದಾರಿ ಹುಡುಕ್ಕೊಂಡು ಹೋದ ಹಾಗಿದೆ. ಸಾಲದ್ದಕ್ಕೆ ಲ್ಯಾಟಿನ್. ವಿಲಿಯಂ ಹೋಗಿ ಗುಲಿಯೆಲ್ಮುಸ್ ಆಗಿದ್ದಾನೆ, ಜೇಮ್ಸ್ ಯಾಕೋಬುಸ್ ಆಗಿದ್ದಾನೆ. ಹೆಸರುಗಳ ಮೇಲೆಲ್ಲ ನೀರಿನ ಕಲೆ, ಆದ್ರೆ ಪಕ್ಕದಲ್ಲಿ ಬರೆದ ಕಾಸಿನ ಲೆಕ್ಕ ನೋಡಿ, 2 ಶಿಲಿಂಗ್ 6 ಪೆನ್ಸ್, ಮುತ್ತು ಪೋಣಿಸಿದ ಹಾಗೆ! ಯಾರ ಮಗು ಅಂತ ದೇವರಿಗೇ ಗೊತ್ತು, ಯಾರು ಎಷ್ಟು ಕೊಟ್ಟರು ಅಂತ ಮಾತ್ರ ನೂರೆಪ್ಪತ್ತು ವರ್ಷ ಆದ್ರೂ ಅಳಿಸಿಲ್ಲ.

ಇರಲಿ, ಪಾದ್ರಿ ಸತ್ತು ಸ್ವರ್ಗ ಸೇರಿದ್ದಾರೆ, ಅವರನ್ನ ಬೈದು ಏನು. ಬದುಕಿರೋದು ಅತ್ತೆ. ಅವರದೊಂದು ಅಭ್ಯಾಸ ಇದೆ, ವಿಷಯ ಪೂರ್ತಿ ಒಂದೇ ಸಲ ಹೇಳಲ್ಲ. ಕಂತಿನಲ್ಲಿ ಕೊಡ್ತಾರೆ. ಪ್ರತಿ ಭಾನುವಾರ ಟೀ ಸುರೀತಾ, ಬಿಸ್ಕೆಟ್ ಅದ್ದುತ್ತಾ, "ಹೇಳೋದೇ ಮರೆತೆ ನೋಡು" ಅಂತ ಶುರು. ಮೊದಲ ವಾರ ಮುತ್ತಜ್ಜಿ ಹೆಸರು ಗೊಬ್ನೆಟ್ ಅಂದ್ರು. ಗೊಬ್ನೆಟ್ ಅಂದ್ರೆ ಈ ಕಡೆಯ ಸಂತಳು, ಜೇನುನೊಣಗಳನ್ನ ಕಾಯೋಳು, ಬ್ಯಾಲಿವರ್ನಿಯಲ್ಲಿ ಫೆಬ್ರವರಿ 11ಕ್ಕೆ ಅವಳ ಹಬ್ಬ. ಒಳ್ಳೇದಾಯ್ತು, ಇಂಥ ಹೆಸರು ಊರಿಗೊಂದು ಇದ್ರೆ ಹೆಚ್ಚು ಅಂದುಕೊಂಡು ಮೂರು ವಾರ ಹುಡುಕಿದೆ, ಒಬ್ಬ ಗೊಬ್ನೆಟ್ಟೂ ಇಲ್ಲ. ನಾಲ್ಕನೇ ವಾರ, "ಹೇಳೋದೇ ಮರೆತೆ ನೋಡು, ಸಮಾಧಿ ಕಲ್ಲಿನ ಮೇಲೆ ಅಬಿಗೇಲ್ ಅಂತಿದೆ." ಸರಿ, ಅಬಿಗೇಲ್. ಕ್ರಿಸ್ಮಸ್ ರಜ ಪೂರ್ತಿ ಅಬಿಗೇಲ್. ಆಮೇಲೆ, "ಅವರು ಸಲ್ಲಿವನ್ ಮನೆತನ ಅಂದ್ನಲ್ಲ, ಅದು ಮದುವೆ ಆದ್ಮೇಲೆ." ಹುಟ್ಟಿದ ಮನೆತನ ಯಾವುದು ಅಂದ್ರೆ, ಅದೂ ಸಲ್ಲಿವನ್ನೇ! ಕಾರ್ಕ್‌ನಲ್ಲಿ ಸಲ್ಲಿವನ್ ಹುಡುಕೋದು ಅಂದ್ರೆ ಧರ್ಮಸ್ಥಳದಲ್ಲಿ ನಿಂತು ಮಂಜುನಾಥ ಅಂತ ಕೂಗಿದ ಹಾಗೆ.

ವಯಸ್ಸಿಂದಾದ್ರೂ ಹಿಡಿಯೋಣ ಅಂದ್ರೆ ಅದೂ ಕಷ್ಟ. 1901ರ ಜನಗಣತಿಯಲ್ಲಿ ಮುತ್ತಜ್ಜಿಗೆ 45, 1911ರಲ್ಲಿ 60. ಅವರ ಗಂಡ ಇನ್ನೂ ಜೋರು, 56 ಇದ್ದವರು ಹತ್ತು ವರ್ಷದಲ್ಲಿ 71 ಆಗಿದ್ದಾರೆ. ಮಧ್ಯದಲ್ಲಿ 1909ರಿಂದ ಎಪ್ಪತ್ತು ದಾಟಿದವರಿಗೆ ಪಿಂಚಣಿ ಕೊಡೋಕೆ ಶುರುಮಾಡಿದ್ರು, ನೋಡಿ ದೇಶಕ್ಕೆ ದೇಶವೇ ರಾತ್ರೋರಾತ್ರಿ ಮುದುಕಾಯ್ತು. ಇದನ್ನ ನೋಡಿ ನಗೋ ಯೋಗ್ಯತೆ ನಂಗಿಲ್ಲ ಬಿಡಿ, ನಮ್ಮಪ್ಪ, ಇಬ್ಬರು ಚಿಕ್ಕಪ್ಪ, ಸೋದರಮಾವ, ಎಲ್ಲರೂ ಶಾಲೆ ದಾಖಲೆ ಪ್ರಕಾರ ಜೂನ್ 1ಕ್ಕೇ ಹುಟ್ಟಿದವರು.

ಈಗ ನಿನ್ನೆ ರಾತ್ರಿಗೆ ಬರ್ತೀನಿ. ಅತ್ತೆ ಊಟಕ್ಕೆ ಬಂದಿದ್ರು. ನಾನು ಉಪ್ಪಿಟ್ಟು ತಟ್ಟೆ ತೊಡೆ ಮೇಲಿಟ್ಕೊಂಡು 1852ರ ಫೆಬ್ರವರಿ ಪೇಜು ತೆಗೆದೆ. ಅಪ್ಪ ಅಮ್ಮನ ಹೆಸರು ಎರಡೂ ಸರಿಯಾಗಿ ಕೂತಿರೋ ಒಂದು ಸಾಲು. ಮಗು ಹೆಸರು ಮಾತ್ರ "ಡೆಬ್" ಅಂತ ಇದ್ದು ಮುಂದೆ ಒಂದು ಚುಕ್ಕಿ. ನಂಗೆ ಮೈ ಜುಮ್ ಅಂತು. "ಚುಕ್ಕಿ ಇದೆ ಅಂದ್ರೆ ಹೆಸರು ಮೊಟಕು ಮಾಡಿದ್ದಾರೆ, ಇದು ಡೆಬೋರಾ" ಅಂದೆ. ಅತ್ತೆ ಕನ್ನಡಕ ಏರಿಸಿ ನೋಡಿದ್ರು. ಈ ಪಾದ್ರಿ ಬೇರೆ ಎಲ್ಲೂ ಚುಕ್ಕಿ ಇಟ್ಟಿಲ್ವಲ್ಲ, ಇಲ್ಲಿ ಮಾತ್ರ ಯಾಕಿಟ್ಟ? ಹದಿನೈದು ನಿಮಿಷ ಚರ್ಚೆ. ನಮ್ಮನೆಯವರು ಟಿವಿ ಆಫ್ ಮಾಡಿ ಬಂದು, ಅದು ಚುಕ್ಕಿ ಅಲ್ಲ, ಮಗು ತೀರಿಹೋದ ಗುರುತಿರಬೇಕು ಅಂದ್ರು. ಅತ್ತೆ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡ್ರು. ನಂಗೂ ಗಂಟಲು ಕಟ್ಟಿ ಬಂತು, ಪಾಪ ಪುಟ್ಟ ಕೂಸು. ತೀರಿಹೋಗಿದ್ರೆ ಆಮೇಲೆ ಇನ್ನೊಂದು ಹೆಣ್ಣು ಹುಟ್ಟಿರಬೇಕಲ್ಲ ಅಂತ ಮುಂದಿನ ಪೇಜಿಗೆ ಹೋದೆ. ಅಲ್ಲೂ ಅದೇ ಜಾಗದಲ್ಲಿ ಚುಕ್ಕಿ. ಅದರ ಮುಂದಿನ ಪೇಜಲ್ಲೂ. 1853ರಲ್ಲೂ. ಆಫೀಸ್ ಮೇಲ್ ತೆಗೆದೆ, ಮ್ಯಾನೇಜರ್ ಹೆಸರಿನ ಮುಂದೆನೂ ಚುಕ್ಕಿ.

ಉಗುರಲ್ಲಿ ಕೆರೆದೆ. ಒಗ್ಗರಣೆ ಸಾಸಿವೆ.

ನಮ್ಮನೆಯವರು ಅಡುಗೆಮನೆಗೆ ಹೋಗಿ ನಗ್ತಾ ಇದ್ರು, ಭುಜ ಕುಣಿಯೋದು ಕಾಣಿಸ್ತಿತ್ತು. ಅತ್ತೆ ಮಾತ್ರ ನಗಲಿಲ್ಲ, ಸಾಸಿವೆ ಹೋದ ಜಾಗವನ್ನೇ ನೋಡ್ತಾ, "ಡೆಬೋರಾ... ಹಾಂ, ಗೊಬ್ನೆಟ್ ಅನ್ನೋದನ್ನ ಇಂಗ್ಲಿಷಲ್ಲಿ ಅಬಿಗೇಲ್ ಅಂತಿದ್ರು, ಇಲ್ಲಾಂದ್ರೆ ಡೆಬೋರಾ. ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಅಂದ್ರು. ಎಲ್ಲರಿಗೂ! ನವೆಂಬರ್‌ನಿಂದ ನಾನು ದಾಟಿಸಿಕೊಂಡು ಬಂದ ಡೆಬೋರಾಗಳ ಮುಖವೆಲ್ಲ ಕಣ್ಮುಂದೆ ಬಂತು. ವೆಂಕಟೇಶನ್ನ ವೆಂಕ ಅನ್ನಿ, ಎಂಕ್ಟ ಅನ್ನಿ, ಒಪ್ತೀನಿ. ವೆಂಕಟೇಶನ್ನ ಡೇವಿಡ್ ಅಂತ ಬರೆದಿಟ್ರೆ ಎಲ್ಲಿ ಅಂತ ಹುಡುಕೋದು?

ಸಿಕ್ಕಿದ್ದು ಅವಳೇ. ಸ್ಪಾನ್ಸರ್‌ಗಳ ಹೆಸರೂ ಅತ್ತೆ ಹೇಳಿದ್ದಕ್ಕೆ ತಾಳೆ ಆಯ್ತು. ಅವಳ ಅಣ್ಣ ಅಕ್ಕಂದಿರು ಇದ್ದಾರಾ ಅಂತ ಹಾಗೇ ಹಿಂದಕ್ಕೆ ಹೋದ್ವಿ, 1850, 1849, 1848. 1845ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂತಲ್ಲ, ಆ ವರ್ಷಗಳು. ಒಂದು ಪೇಜಿಗೆ ಒಂದು ತಿಂಗಳು ಹಿಡೀತಿದ್ದ ಪುಸ್ತಕದಲ್ಲಿ 1847ಕ್ಕೆ ಬಂದ್ರೆ ಒಂದೇ ಪೇಜಲ್ಲಿ ಮೂರು ತಿಂಗಳು. ಸತ್ತವರ ಪಟ್ಟಿ ಆ ಪುಸ್ತಕದಲ್ಲಿಲ್ಲ. ಹುಟ್ಟಿದವರು ಕಮ್ಮಿ, ಅಷ್ಟೇ. ಅತ್ತೆ ಟೀ ಕಪ್ ಕೆಳಗಿಟ್ಟು ಸುಮ್ಮನೆ ಕೂತ್ರು.

ನಂಗೆ ನಮ್ಮಜ್ಜಿ ಊರಿಗೆ, ಬಾಗಲಕೋಟೆ ಕಡೆ, ಸುಗ್ಗಿ ಮುಗಿದ ಮೇಲೆ ಬರ್ತಿದ್ದ ಹೆಳವರು ನೆನಪಾದ್ರು. ಕಟ್ಟೆ ಮೇಲೆ ಕೂತು ಪುಸ್ತಕ ಬಿಚ್ಚಿ ನಮ್ಮ ಮನೆತನ ಓದ್ತಿದ್ರು, ಇಂಥವನ ಮಗ ಇಂಥವನು, ಅವನ ಮಗ ಇಂಥವನು. ಅಜ್ಜ ಕಾಳು ಅಳೆದು ಕೊಡ್ತಿದ್ದ. ಅಜ್ಜಿ ಬಾಗಿಲ ಮರೆಯಲ್ಲಿ ನಿಂತು ಕೇಳ್ತಿದ್ಲು, ಅವಳ ಹೆಸರು ಅದರಲ್ಲಿ ಬಂದಿದ್ದು ನಂಗೆ ನೆನಪಿಲ್ಲ. ಈ ಜಿರಳೆ ಅಕ್ಷರದ ಪಾದ್ರಿ ಮಾತ್ರ ಪ್ರತಿ ತಾಯಿಯ ಹೆಸರನ್ನೂ ಅವಳ ತವರುಮನೆ ಹೆಸರಿನ ಜೊತೆಗೇ ಬರೆದಿಟ್ಟಿದ್ದಾನೆ. ಅದೊಂದಕ್ಕೆ ಅವನ ಶಿಲಿಂಗ್ ಲೆಕ್ಕ ಮಾಫಿ.

ಪ್ರಿಂಟ್ ತೆಗೆದುಕೊಟ್ಟೆ. ಅತ್ತೆ ಮಡಚಿ ಪರ್ಸಲ್ಲಿ ಇಟ್ಕೊಂಡು, ಬಾಗಿಲ ಹತ್ರ ಕೋಟು ಹಾಕ್ಕೋತಾ, "ಇನ್ನು ನಮ್ಮಪ್ಪನ ಅಜ್ಜಿ ಒಬ್ಬರಿದ್ದಾರೆ, ಅವರು ಪ್ರಾಟೆಸ್ಟಂಟು" ಅಂದ್ರು. ನಂಗೆ ಒಳಗೊಳಗೇ ಹೋಳಿಗೆ ತಿಂದಷ್ಟು ಖುಷಿ. ಯಾಕಂದ್ರೆ ಪ್ರಾಟೆಸ್ಟಂಟ್ ಚರ್ಚ್‌ಗಳ ರಿಜಿಸ್ಟರ್ ಅರ್ಧಕ್ಕರ್ಧ ಜೋಪಾನವಾಗಿರಲಿ ಅಂತ ಡಬ್ಲಿನ್ನಿನ ಸರ್ಕಾರಿ ದಾಖಲೆ ಕಚೇರಿಗೆ ಕಳಿಸಿದ್ರು, 1922ರ ಜೂನ್ 30ಕ್ಕೆ ಅಂತರ್ಯುದ್ಧದಲ್ಲಿ ಆ ಕಟ್ಟಡವೇ ಸುಟ್ಟುಹೋಯ್ತು. ಮುಖ ಆದಷ್ಟು ಸಪ್ಪಗೆ ಮಾಡ್ಕೊಂಡು, "ಛೇ ಅತ್ತೆ, ಅದೆಲ್ಲ ಬೆಂಕಿಗೆ ಹೋಯ್ತಲ್ಲ" ಅಂದೆ.

ಅವರು ಗುಂಡಿ ಹಾಕೋದು ನಿಲ್ಲಿಸಿದ್ರು.

"ಹೇಳೋದೇ ಮರೆತೆ ನೋಡು, ನಮ್ಮ ಕಡೆ ಚರ್ಚ್‌ನವರು ಕಳಿಸಿರಲೇ ಇಲ್ವಂತೆ."